ಹೈಬ್ರಿಡ್ ಕಾರಿಗೆ ಪೆಟ್ರೋಲ್ ಹಾಕಿಸುವುದು: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಎಲ್-14 ನಂಬರಿನ ಹೈಬ್ರಿಡ್ ಕಾರುಗಳು ಈಗ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಪೇಟೆಗಳಲ್ಲೂ ಕಾಣಸಿಗುತ್ತವೆ. ಕಾರು ಮನೆಗೆ ಬಂದ ಮೊದಲ ವಾರ ಶೋರೂಮಿನವರು ಹೇಳಿದ್ದೆಲ್ಲ ನೆನಪಿರುತ್ತದೆ. ಆಮೇಲೆ ಪಂಪಿಗೆ ಹೋಗಿ ನಿಂತಾಗ ಒಂದೊಂದೇ ಸಂಶಯ ಶುರು. ಅಂಥ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಟೊಯೋಟಾ ಹೈರೈಡರ್, ಇನೋವಾ ಹೈಕ್ರಾಸ್, ಮಾರುತಿ ಗ್ರ್ಯಾಂಡ್ ವಿಟಾರಾ, ಇನ್ವಿಕ್ಟೋ, ಹೋಂಡಾ ಸಿಟಿ ಇ:ಎಚ್‌ಇವಿ, ಈ ಸಾಲಿನ ‘ಸ್ಟ್ರಾಂಗ್ ಹೈಬ್ರಿಡ್’ ಕಾರುಗಳನ್ನೇ (ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ, ಮೋಟರ್ ಇದ್ದು, ಬ್ಯಾಟರಿಯಲ್ಲೇ ಸ್ವಲ್ಪ ದೂರ ಓಡಬಲ್ಲವು) ಮುಖ್ಯವಾಗಿ ಮನಸ್ಸಲ್ಲಿಟ್ಟುಕೊಂಡು ಉತ್ತರ ಬರೆದಿದೆ.

ಹೈಬ್ರಿಡ್‌ಗೆ ಬೇರೆ ಪೆಟ್ರೋಲ್ ಬೇಕಾ?

ಬೇಡ. ಎಲ್ಲರೂ ಹಾಕಿಸುವ ಮಾಮೂಲಿ ಪೆಟ್ರೋಲೇ ಸಾಕು.

ಪೆಟ್ರೋಲ್ ಹಾಕಿಸಿ ಮತ್ತೆ ಚಾರ್ಜಿಗೂ ಇಡಬೇಕಾ?

ಇಡಲು ಬರುವುದಿಲ್ಲ, ಪ್ಲಗ್ ಹಾಕುವ ಜಾಗವೇ ಇಲ್ಲ. ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯವರು ಕಂಬಗಳಲ್ಲಿ ಕೂರಿಸಿದ ಚಾರ್ಜಿಂಗ್ ಪೆಟ್ಟಿಗೆಗೂ ನಿಮ್ಮ ಕಾರಿಗೂ ಸಂಬಂಧವಿಲ್ಲ. ಎಂಜಿನ್ ಓಡುವಾಗ ಮತ್ತು ನೀವು ಬ್ರೇಕ್ ಹಿಡಿಯುವಾಗ ಬ್ಯಾಟರಿ ತಾನಾಗಿ ತುಂಬಿಕೊಳ್ಳುತ್ತದೆ. ಅದು ಎಲೆಕ್ಟ್ರಿಕ್ ಕಾರಿನಷ್ಟು ದೊಡ್ಡ ಬ್ಯಾಟರಿಯೂ ಅಲ್ಲ. ಹೈರೈಡರ್, ಗ್ರ್ಯಾಂಡ್ ವಿಟಾರಾದ್ದು 0.76 ಕಿಲೋವ್ಯಾಟ್ ಅವರ್, ಅಂದರೆ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಒಂದು ಯೂನಿಟ್ ಕೂಡ ಆಗಲಿಲ್ಲ. ಕಾರಿಗೆ ಶಕ್ತಿ ಬರುವುದೆಲ್ಲ ಕೊನೆಗೆ ಪೆಟ್ರೋಲಿನಿಂದಲೇ.

ಪಂಪಿನ ಹುಡುಗ ಡೀಸೆಲ್ ನಾಝಲ್ ಹಿಡಿದುಕೊಂಡು ಬಂದ. ಇದು ಎಲ್ಲರಿಗೂ ಆಗ್ತದಾ?

ಹೈಕ್ರಾಸ್ ಇಟ್ಟುಕೊಂಡವರಿಗೆ ಆಗ್ತದೆ. ನಮ್ಮೂರಲ್ಲಿ ಇನೋವಾ ಅಂದರೆ ಡೀಸೆಲ್. ಮದುವೆ ದಿಬ್ಬಣಕ್ಕೂ ಅದೇ, ಏರ್‌ಪೋರ್ಟಿಗೆ ಗಲ್ಫಿನವರನ್ನು ಕರೆತರಲೂ ಅದೇ, ವರ್ಷಗಟ್ಟಲೆ ಅದೇ ರೂಢಿ. ಇನೋವಾ ಕ್ರಿಸ್ಟಾ ಡೀಸೆಲ್, ಹೈಕ್ರಾಸ್ ಪೆಟ್ರೋಲ್. ಹಿಂದೆ ಬರೆದ ‘ಇನೋವಾ’ ಒಂದೇ. ಕ್ಯೂ ಜಾಸ್ತಿ ಇದ್ದಾಗ ಹೆಸರು ನೋಡಿ ಕೈ ತಾನಾಗಿ ಡೀಸೆಲ್ ಕಡೆಗೆ ಹೋಗ್ತದೆ. ಹುಡುಗನದ್ದು ತಪ್ಪು ಅನ್ನುವ ಹಾಗಿಲ್ಲ.

ಗ್ಲಾಸ್ ಇಳಿಸಿ “ಫುಲ್” ಅಂದುಬಿಟ್ಟು ಮೊಬೈಲ್ ನೋಡುತ್ತ ಕೂರಬೇಡಿ. “ಪೆಟ್ರೋಲ್, ಫುಲ್ ಟ್ಯಾಂಕ್” ಅಂತ ಪೂರ್ತಿ ಹೇಳಿ. ಡೀಸೆಲ್ ನಾಝಲ್ ದಪ್ಪ, ಪೆಟ್ರೋಲ್ ಟ್ಯಾಂಕಿನ ಬಾಯಿಗೆ ಹೋಗುವುದಿಲ್ಲ ಅಂತ ಕೆಲವರು ಧೈರ್ಯ ಹೇಳುತ್ತಾರೆ. ಎಲ್ಲ ಪಂಪಿನಲ್ಲೂ ಹಾಗೇ ಇರುತ್ತದೆಂದು ನಂಬಿ ಕೂರಬೇಡಿ. ಟ್ಯಾಂಕಿನ ಮುಚ್ಚಳದ ಒಳಗೆ ‘ಪೆಟ್ರೋಲ್’ ಅಂತ ದೊಡ್ಡ ಅಕ್ಷರದ ಸ್ಟಿಕ್ಕರ್ ಅಂಟಿಸಿದರೆ ಇನ್ನೂ ಒಳ್ಳೆಯದು. ಮಲಯಾಳದಲ್ಲೂ ಬರೆಸಿ, ಅಡ್ಡಿಯಿಲ್ಲ.

ಡೀಸೆಲ್ ಬಿದ್ದೇ ಬಿಟ್ಟರೆ?

ಸ್ಟಾರ್ಟ್ ಬಟನ್ ಮುಟ್ಟಬೇಡಿ. ಸಾಮಾನ್ಯ ಕಾರಿನಲ್ಲಾದರೆ ಕೀ ತಿರುಗಿಸದಿದ್ದರೆ ಆಯಿತು ಅನ್ನುತ್ತೇವೆ. ಹೈಬ್ರಿಡ್‌ನಲ್ಲಿ ಒಮ್ಮೆ ಬಟನ್ ಒತ್ತಿ ‘ರೆಡಿ’ಗೆ (ಓಡಲು ತಯಾರಾದ ಸ್ಥಿತಿಗೆ) ತಂದರೆ ಎಂಜಿನ್ ಯಾವಾಗ ಹೊತ್ತಿಕೊಳ್ಳಬೇಕೆಂದು ತೀರ್ಮಾನಿಸುವುದು ಕಾರು, ನೀವಲ್ಲ. “ಬ್ಯಾಟರಿಯಲ್ಲೇ ಸ್ವಲ್ಪ ಬದಿಗೆ ಸರಿಸ್ತೇನೆ” ಅನ್ನುವಷ್ಟರಲ್ಲಿ ಎಂಜಿನ್ ಡೀಸೆಲ್ ಎಳೆದುಕೊಂಡಿರುತ್ತದೆ.

ಸರ್ವಿಸ್ ಸೆಂಟರಿಗೆ ಫೋನ್ ಮಾಡಿ, ಪಂಪಿನ ಮ್ಯಾನೇಜರನ್ನು ಕರೆದು ತೋರಿಸಿ, ಬಿಲ್ ತೆಗೆದಿಟ್ಟುಕೊಳ್ಳಿ. ಟ್ಯಾಂಕ್ ಖಾಲಿ ಮಾಡಿ ತೊಳೆಯಬೇಕಾಗುತ್ತದೆ. ಸಾಗಿಸುವುದಾದರೆ ಕಾರನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ರಿಕವರಿ ವಾಹನವನ್ನೇ ಕರೆಯಿರಿ. ಮುಂದಿನ ಚಕ್ರ ನೆಲದ ಮೇಲೆ ಉರುಳುತ್ತಿದ್ದರೆ ಒಳಗಿನ ಮೋಟರೂ ತಿರುಗಿ ಕರೆಂಟ್ ಹುಟ್ಟಿಸುತ್ತದೆ, ಅದು ಹಾಳಾಗಲು ದಾರಿ. ಹಗ್ಗ ಕಟ್ಟಿ ಪಕ್ಕದ ವರ್ಕ್‌ಶಾಪಿಗೆ ಎಳೆಯುವ ನಮ್ಮ ಹಳೇ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಎಂಜಿನ್ ಹೇಗೂ ಓಡ್ತಾ ಇಲ್ಲ, ಎಸಿ ಹಾಕಿಕೊಂಡೇ ಪೆಟ್ರೋಲ್ ಹಾಕಿಸಬಹುದಲ್ವಾ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಕೂಡದು.

ಕಾರು ಸದ್ದಿಲ್ಲದೆ ನಿಂತಿದೆ ಅಂದ ಮಾತ್ರಕ್ಕೆ ಆಫ್ ಆಗಿದೆ ಅಂತಲ್ಲ. ಡ್ಯಾಶ್‌ಬೋರ್ಡಿನಲ್ಲಿ ‘ರೆಡಿ’ ಅಂತ ದೀಪ ಉರಿಯುತ್ತಿದ್ದರೆ ಕಾರು ಆನ್ ಇದೆ. ಎಸಿ ಓಡುವುದು ಕಾರನ್ನು ಓಡಿಸುವ ದೊಡ್ಡ ಬ್ಯಾಟರಿಯಿಂದ, 12 ವೋಲ್ಟಿನ ಸಣ್ಣದರಿಂದಲ್ಲ. ಅದು ಸ್ವಲ್ಪ ಇಳಿಯಿತು ಅಂತಾದ ತಕ್ಷಣ ಎಂಜಿನ್ ಹೇಳದೆ ಕೇಳದೆ ಹೊತ್ತಿಕೊಳ್ಳುತ್ತದೆ. ನಾಝಲ್ ಟ್ಯಾಂಕಿನ ಬಾಯಲ್ಲಿದೆ, ಸುತ್ತ ಪೆಟ್ರೋಲ್ ಆವಿ ಇದೆ, ಅದೇ ಹೊತ್ತಿಗೆ ಎಂಜಿನ್ ಸ್ಟಾರ್ಟ್! ಎಂಜಿನ್ ಆಫ್ ಮಾಡದೆ ಪೆಟ್ರೋಲ್ ತುಂಬಬಾರದು ಅನ್ನುವ ನಿಯಮ ಇರುವುದೇ ಇದಕ್ಕೆ.

ಪಂಪಿನವನು ಮಲಯಾಳದಲ್ಲಿ “ಓಫ್ ಆಕ್ಕ್” (ಆಫ್ ಮಾಡಿ) ಅಂದಾಗ “ಇದು ಹೈಬ್ರಿಡ್, ಓಫೇ ಇದೆ” ಅಂತ ವಾದಿಸುವವರನ್ನು ನೋಡಿದ್ದೇನೆ. ಅವನು ಹೇಳಿದ್ದೇ ಸರಿ. ಗೇರ್ ‘ಪಿ’ಗೆ ಹಾಕಿ, ಬಟನ್ ಒತ್ತಿ, ‘ರೆಡಿ’ ದೀಪ ಆರಿದ್ದನ್ನು ನೋಡಿ, ಆಮೇಲೆ ಮುಚ್ಚಳ ತೆರೆಯಿರಿ. ಮೀನ ಮಾಸದ ಬಿಸಿಲಲ್ಲಿ ಹಿಂದಿನ ಸೀಟಿನ ಮಕ್ಕಳು ಗಲಾಟೆ ಮಾಡಿದರೂ ಐದು ನಿಮಿಷ ಅಷ್ಟೇ ಅಲ್ವಾ, ಗ್ಲಾಸ್ ಇಳಿಸಿ.

ಫುಲ್ ಟ್ಯಾಂಕ್ ಮಾಡಿಸಿದರೂ ಮೀಟರಿನ ಮುಳ್ಳು ಮೇಲೇರಲಿಲ್ಲ. ಪಂಪಿನಲ್ಲಿ ಮೋಸ ಆಯ್ತಾ?

ಮೊದಲು ಒಂದು ಕೇಳುತ್ತೇನೆ: ಕಾರು ಆಫ್ ಮಾಡಿದ್ದಿರಾ? ಆನ್ ಇಟ್ಟು ಹಾಕಿಸಿದರೆ ಮುಳ್ಳು, ಉಳಿದ ಕಿಲೋಮೀಟರ್ ಲೆಕ್ಕ ಎರಡೂ ಹಳೆಯದೇ ಇರಬಹುದು. ಟೊಯೋಟಾದ ಕೈಪಿಡಿಯಲ್ಲೇ ಇದನ್ನು ಬರೆದಿದ್ದಾರೆ. ನೂರು, ಇನ್ನೂರು ರೂಪಾಯಿಗೆ ಹಾಕಿಸಿದರೂ ಹೀಗಾಗುತ್ತದೆ, ಅಷ್ಟು ಸಣ್ಣ ಏರಿಕೆಯನ್ನು ಮೀಟರ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಳಿಜಾರಿನಲ್ಲಿ ನಿಂತಿದ್ದರೂ ಅಷ್ಟೇ. ಒಮ್ಮೆ ಆಫ್ ಮಾಡಿ ಸಮತಟ್ಟಾದ ಜಾಗದಲ್ಲಿ ಆನ್ ಮಾಡಿ ನೋಡಿ.

ಹಾಗಾದರೆ ಅಳತೆಯಲ್ಲಿ ಮೋಸ ಆಗಿದೆಯಾ ಅಂತ ತಿಳಿಯುವುದು ಹೇಗೆ?

“ಸೀರೋ ನೋಕ್ಕಿಯೋ” (ಸೊನ್ನೆ ನೋಡಿದಿರಾ) ಅಂತ ಪಂಪಿನವರು ಕೇಳಿದಾಗ ಸುಮ್ನೆ ತಲೆ ಆಡಿಸಬೇಡಿ, ನಿಜವಾಗಿ ನೋಡಿ. ರೌಂಡ್ ಮೊತ್ತದ ಬದಲು 510, 1,020 ರೂಪಾಯಿ ಅಂತ ಹಾಕಿಸಿದರೆ ಮೋಸ ಆಗುವುದಿಲ್ಲ ಅನ್ನುವ ನಂಬಿಕೆ ತುಂಬ ಜನರಿಗಿದೆ. ಅದರಿಂದ ವಿಶೇಷ ಲಾಭ ಏನೂ ಇಲ್ಲ.

ಸಂಶಯ ಬಂದರೆ 5 ಲೀಟರಿನ ಅಳತೆ ಪಾತ್ರೆಯಲ್ಲಿ ಹಿಡಿದು ತೋರಿಸಲು ಕೇಳಿ. ಲೀಗಲ್ ಮೆಟ್ರಾಲಜಿ, ಅಂದರೆ ಅಳತೆ-ತೂಕದ ಇಲಾಖೆಯ ಮುದ್ರೆ ಇರುವ ಪಾತ್ರೆ ಪ್ರತಿ ಪಂಪಿನಲ್ಲೂ ಇರಬೇಕು. 5 ಲೀಟರಿಗೆ 25 ಮಿಲಿಲೀಟರ್‌ವರೆಗಿನ ವ್ಯತ್ಯಾಸಕ್ಕೆ ರಿಯಾಯಿತಿ ಇದೆ, ಅದಕ್ಕಿಂತ ಕಮ್ಮಿ ಬಂದರೆ ದೂರು ಕೊಡಬಹುದು. ಫಿಲ್ಟರ್ ಪೇಪರ್ ಕೇಳುವ ಹಕ್ಕೂ ಇದೆ. ಅದರ ಮೇಲೆ ಒಂದು ಹನಿ ಪೆಟ್ರೋಲ್ ಬಿಟ್ಟರೆ ಕಲೆ ಉಳಿಯದೆ ಆರಿಹೋಗಬೇಕು. ಜಗಳ ಕಾಯುವ ಧಾಟಿಯಲ್ಲಿ ಕೇಳದಿದ್ದರೆ ಹೆಚ್ಚಿನ ಕಡೆ ತಕರಾರಿಲ್ಲದೆ ತೋರಿಸುತ್ತಾರೆ.

45 ಲೀಟರ್ ಟ್ಯಾಂಕಿಗೆ 46 ಲೀಟರ್ ಹೋಯಿತು. ಇದಂತೂ ಮೋಸವೇ ಅಲ್ವಾ?

ಅಷ್ಟಕ್ಕೇ ಹಾಗೆ ಹೇಳಲಾಗದು. ಹೈರೈಡರ್, ಗ್ರ್ಯಾಂಡ್ ವಿಟಾರಾಕ್ಕೆ 45 ಲೀಟರ್, ಹೈಕ್ರಾಸಿಗೆ 52, ಸಿಟಿಗೆ 40 ಅಂತ ಪುಸ್ತಕದಲ್ಲಿ ಬರೆದಿರುವುದು ಕಂಪನಿ ತುಂಬಲು ಹೇಳುವ ಪ್ರಮಾಣ. ಟ್ಯಾಂಕಿನ ಒಳಗೆ ಆವಿಗೆಂದು ಅದಕ್ಕಿಂತ ಜಾಸ್ತಿ ಜಾಗ ಬಿಟ್ಟಿರುತ್ತಾರೆ. ಮುಚ್ಚಳದಿಂದ ಟ್ಯಾಂಕಿಗೆ ಇಳಿಯುವ ಕೊಳವೆಯಲ್ಲೂ ಸ್ವಲ್ಪ ನಿಲ್ಲುತ್ತದೆ. ಕುತ್ತಿಗೆವರೆಗೆ ಒತ್ತಿ ತುಂಬಿಸಿದರೆ ಪುಸ್ತಕದ ಲೆಕ್ಕ ದಾಟುವುದು ಸಹಜ. ಆದರೆ ಕಾಲು ಟ್ಯಾಂಕ್ ಇರುವಾಗಲೇ 45 ಲೀಟರ್ ಹೋಯಿತು ಅಂದರೆ ಮಾತ್ರ ಮ್ಯಾನೇಜರನ್ನು ಕರೆಯಿರಿ.

‘ಟಕ್’ ಅಂತ ಕಟ್ ಆದ ಮೇಲೂ “ರೌಂಡ್ ಆಕ್ಕಟ್ಟೆ?” (ರೌಂಡ್ ಮೊತ್ತ ಮಾಡಲಾ?) ಅಂತ ಕೇಳ್ತಾರೆ. ಹೂಂ ಅನ್ನಬಹುದಾ?

ಬೇಡ ಅನ್ನಿ.

ನಾಝಲ್‌ನ ತುದಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ, ಬಗ್ಗಿ ನೋಡಿದರೆ ಕಾಣುತ್ತದೆ. ಪೆಟ್ರೋಲ್ ಹರಿಯುವಾಗ ಆ ತೂತಿನಿಂದ ಗಾಳಿ ಒಳಗೆ ಎಳೆದುಕೊಳ್ಳುತ್ತಿರುತ್ತದೆ. ಟ್ಯಾಂಕ್ ತುಂಬಿ ಪೆಟ್ರೋಲ್ ಮೇಲೆ ಬಂದು ತೂತು ಮುಚ್ಚಿದಾಗ ಗಾಳಿ ನಿಂತು, ಒಳಗಿನ ಪೊರೆ ಎಳೆದು, ಹಿಡಿಕೆ ಬಿಟ್ಟುಕೊಳ್ಳುತ್ತದೆ. ಕರೆಂಟಿಲ್ಲ, ಸೆನ್ಸರ್ ಇಲ್ಲ. ಜೋರಾಗಿ ಹರಿದು ನೊರೆ ಎದ್ದರೆ ಟ್ಯಾಂಕ್ ತುಂಬುವ ಮೊದಲೇ ಕಟ್ ಆಗುವುದೂ ಇದೆ. ಆಗ ನಾಝಲ್ ಸ್ವಲ್ಪ ತಿರುಗಿಸಿ ನಿಧಾನಕ್ಕೆ ಹಾಕಲು ಹೇಳಿ. ನಿಜವಾಗಿ ತುಂಬಿ ಕಟ್ ಆದ ಮೇಲೆ 37 ರೂಪಾಯಿಯ ಚಿಲ್ಲರೆ ಸರಿ ಮಾಡಲು ಮತ್ತೆ ಮತ್ತೆ ಒತ್ತಿಸುವುದು ದಂಡ.

ಯಾಕೆ ಅಂದರೆ, ಟ್ಯಾಂಕಿನಿಂದ ಏಳುವ ಪೆಟ್ರೋಲ್ ಆವಿಯನ್ನು ಹೀರಿಕೊಳ್ಳಲು ಇದ್ದಿಲು ತುಂಬಿದ ಡಬ್ಬಿ ಕಾರಿನೊಳಗೆ ಇರುತ್ತದೆ. ಎಂಜಿನ್ ಓಡುವಾಗ ಆ ಆವಿಯನ್ನು ಎಳೆದು ಸುಟ್ಟು ಡಬ್ಬಿಯನ್ನು ಖಾಲಿ ಮಾಡುತ್ತದೆ. ಕುತ್ತಿಗೆವರೆಗೆ ತುಂಬಿಸಿದರೆ ಆವಿಯ ಬದಲು ಪೆಟ್ರೋಲೇ ಡಬ್ಬಿಗೆ ನುಗ್ಗಿ ಇದ್ದಿಲು ಹಾಳಾಗಬಹುದು. ಹೈಬ್ರಿಡ್‌ನಲ್ಲಿ ಎಂಜಿನ್ ಓಡುವುದೇ ಕಮ್ಮಿ, ಡಬ್ಬಿ ಖಾಲಿಯಾಗುವ ಅವಕಾಶವೂ ಕಮ್ಮಿ. ಹಾಗಾಗಿ ಬೇರೆ ಕಾರಿನವರಿಗಿಂತ ನಮಗೆ ಈ ಮಾತು ಜಾಸ್ತಿ ಅನ್ವಯಿಸುತ್ತದೆ.

ಪೆಟ್ರೋಲ್ ಪೂರ್ತಿ ಮುಗಿದರೂ ಬ್ಯಾಟರಿಯಲ್ಲಿ ಪಂಪ್‌ವರೆಗೆ ಹೋಗಬಹುದಂತೆ, ಹೌದಾ?

ಸ್ವಲ್ಪ ದೂರ ಹೋಗುತ್ತದೆ. ಹಾಗೆಂದು ಅದನ್ನು ನೆಚ್ಚಿಕೊಳ್ಳುವುದು ಹೈಬ್ರಿಡ್ ಕಾರಿಗೆ ನೀವು ಮಾಡಬಹುದಾದ ದೊಡ್ಡ ಉಪದ್ರ.

ಮಾಮೂಲಿ ಕಾರಿನಲ್ಲಿ ಎಂಜಿನ್ ಎಬ್ಬಿಸಲು ಬೇರೆ ಸ್ಟಾರ್ಟರ್ ಮೋಟರ್ ಇರುತ್ತದೆ, 12 ವೋಲ್ಟ್ ಬ್ಯಾಟರಿಯಲ್ಲಿ ಓಡುತ್ತದೆ. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಆ ಸ್ಟಾರ್ಟರ್ ಇಲ್ಲ. ಎಂಜಿನನ್ನು ತಿರುಗಿಸುವುದು ದೊಡ್ಡ ಬ್ಯಾಟರಿಯ ಶಕ್ತಿಯಲ್ಲಿ ಓಡುವ ಮೋಟರ್. ಪೆಟ್ರೋಲ್ ಮುಗಿದ ಮೇಲೆ ನೀವು ಬ್ಯಾಟರಿಯನ್ನೂ ಹಿಂಡಿ ಹಿಂಡಿ ಓಡಿಸಿದರೆ, ಆಮೇಲೆ ಟ್ಯಾಂಕಿಗೆ ಪೆಟ್ರೋಲ್ ಸುರಿದರೂ ಎಂಜಿನ್ ಎಬ್ಬಿಸಲು ಶಕ್ತಿ ಉಳಿದಿರುವುದಿಲ್ಲ. ಪಕ್ಕದ ಕಾರಿನಿಂದ ಜಂಪರ್ ಕೇಬಲ್ ಕೊಟ್ಟರೆ 12 ವೋಲ್ಟಿನ ಸಣ್ಣ ಬ್ಯಾಟರಿ ಮಾತ್ರ ಎಚ್ಚರವಾಗುತ್ತದೆ, ದೊಡ್ಡದಕ್ಕೆ ಅದರಿಂದ ಏನೂ ಸಿಗುವುದಿಲ್ಲ. ತಳ್ಳಿ ಸ್ಟಾರ್ಟ್ ಮಾಡುವುದಂತೂ ಇಲ್ಲವೇ ಇಲ್ಲ. ಕಂಪನಿಯ ವರ್ಕ್‌ಶಾಪಿಗೇ ಹೋಗಬೇಕು.

ರಾತ್ರಿ ಹೊತ್ತು ಪಾಣತ್ತೂರು ದಾಟಿ ಕರಿಕೆ ಮೂಲಕ ಭಾಗಮಂಡಲಕ್ಕೆ ಹತ್ತುವ ದಾರಿಯಲ್ಲಿ ಹೀಗಾದರೆ ಕಾಡಿನ ಮಧ್ಯೆ ಕೂರಬೇಕಷ್ಟೆ. ಮುಳ್ಳೇರಿಯದಿಂದ ಜಾಲ್ಸೂರಿಗೆ ಹೋಗುವವರೂ ಹೊರಡುವ ಮೊದಲು ಮುಳ್ಳು ನೋಡಿಕೊಳ್ಳಿ. ಕಾಲು ಟ್ಯಾಂಕಿಗೆ ಇಳಿದಾಗ ಹಾಕಿಸುವ ಅಭ್ಯಾಸ ಒಳ್ಳೆಯದು. ‘800 ಕಿಲೋಮೀಟರ್ ಹೋಗ್ತದೆ’ ಅನ್ನುವ ಹುಮ್ಮಸ್ಸಿನಲ್ಲಿ ಹೈಬ್ರಿಡ್‌ನವರೇ ಪೆಟ್ರೋಲ್ ಮರೆಯುವುದು ಜಾಸ್ತಿ.

ಎಚ್ಚರಿಕೆ ಬಂದು ಎಂಜಿನ್ ನಿಂತೇ ಹೋದರೆ ಹತ್ತಿರದ ಬದಿಗೆ ತಂದು ಆಫ್ ಮಾಡಿ, ಮತ್ತೆ ಮತ್ತೆ ಬಟನ್ ಒತ್ತಬೇಡಿ. ಪೆಟ್ರೋಲ್ ತರಿಸಿದರೆ ನಾಲ್ಕೈದು ಲೀಟರಾದರೂ ಹಾಕಿ, ಏರು ದಾರಿಯಾದರೆ ಇನ್ನೂ ಜಾಸ್ತಿ. ಪ್ಲಾಸ್ಟಿಕ್ ಬಾಟ್ಲಿಗೆ ಪಂಪಿನವರು ಕೊಡುವುದಿಲ್ಲ, ಅವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಕಂಪನಿಯ ರಸ್ತೆ ಸಹಾಯದ ನಂಬರ್ ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಎರ್ಟಿಗಾ, ಬ್ರೆಝಾದಂಥ ‘ಸ್ಮಾರ್ಟ್ ಹೈಬ್ರಿಡ್’ (ಬ್ಯಾಟರಿಯೊಂದರಲ್ಲೇ ಓಡದ ಕಾರು) ಇದ್ದವರಿಗೆ ಈ ಭಯ ಇಲ್ಲ. ಅವು ಪೆಟ್ರೋಲ್ ಮುಗಿದರೆ ಮಾಮೂಲಿ ಕಾರಿನ ಹಾಗೆ ನಿಲ್ಲುತ್ತವೆ, ಹಾಕಿದರೆ ಹೊರಡುತ್ತವೆ.

ಗಡಿಯ ತಲಪಾಡಿ ದಾಟಿ ಕರ್ನಾಟಕದಲ್ಲಿ ಪೆಟ್ರೋಲ್ ಕಮ್ಮಿಗೆ ಸಿಗುತ್ತದೆ. ಹೋಗಿ ಹಾಕಿಸುವುದು ಲಾಭವಾ?

ಮನೆ ಎಲ್ಲಿದೆ ಅನ್ನುವುದರ ಮೇಲೆ ಹೋಗುತ್ತದೆ. ಕೇರಳದಲ್ಲಿ ಮಾರಾಟ ತೆರಿಗೆಯ ಜೊತೆಗೆ 2023ರ ಏಪ್ರಿಲ್‌ನಿಂದ ಲೀಟರಿಗೆ 2 ರೂಪಾಯಿಯ ಸಾಮಾಜಿಕ ಭದ್ರತಾ ಸೆಸ್ಸೂ ಸೇರಿತು. ತಲಪಾಡಿಯ ಆಚೆಯ ಬಂಕುಗಳಲ್ಲಿ ಕೆಎಲ್ ನಂಬರಿನ ಸಾಲು ಬೆಳೆದದ್ದು ಸುಮ್ಮನಲ್ಲ. 2024ರ ಜೂನ್‌ನಲ್ಲಿ ಕರ್ನಾಟಕವೂ ತೆರಿಗೆ ಏರಿಸಿ ಪೆಟ್ರೋಲಿಗೆ 3 ರೂಪಾಯಿ ಜಾಸ್ತಿ ಮಾಡಿದ ಮೇಲೆ ಅಂತರ ಇಳಿಯಿತು. ದರ ದಿನವೂ ಬೆಳಗ್ಗೆ 6 ಗಂಟೆಗೆ ಬದಲಾಗಬಹುದು, ಹಾಗಾಗಿ ಲೆಕ್ಕಕ್ಕೆ ಲೀಟರಿಗೆ 4 ರೂಪಾಯಿ ವ್ಯತ್ಯಾಸ ಅಂತಿಟ್ಟುಕೊಳ್ಳೋಣ.

35 ಲೀಟರ್ ಹಾಕಿಸಿದರೆ ಉಳಿಯುವುದು 140 ರೂಪಾಯಿ. ಕಾಸರಗೋಡು ಪೇಟೆಯಿಂದ ತಲಪಾಡಿಗೆ ಸುಮಾರು 35 ಕಿಲೋಮೀಟರ್. ಹೋಗಿ ಬರಲು 70. ಲೀಟರಿಗೆ 20 ಕೊಟ್ಟರೂ ಮೂರೂವರೆ ಲೀಟರ್ ಸುಟ್ಟುಹೋಯಿತು, ಅಂದರೆ 350 ರೂಪಾಯಿಗೂ ಮೇಲೆ. 140 ಉಳಿಸಲು 350 ಖರ್ಚು! ಮಂಜೇಶ್ವರ, ಹೊಸಂಗಡಿಯವರಿಗೆ ಆಚೆ ಹೋಗಿ ಬರಲು ಮುಕ್ಕಾಲು ಲೀಟರ್ ಸಾಕು, 60-70 ರೂಪಾಯಿ ಕಿಸೆಯಲ್ಲಿ ಉಳಿಯುತ್ತದೆ. ಕ್ಯೂನಲ್ಲಿ ನಿಂತ ಹೊತ್ತಿಗೆ ಬೆಲೆ ಕಟ್ಟದಿದ್ದರೆ ಅಷ್ಟು ಲಾಭ. ಪೆರ್ಲದಿಂದ ಸಾರಡ್ಕ ದಾಟುವವರಿಗೂ ಇದೇ ಲೆಕ್ಕ.

ಮಂಗಳೂರಿನ ಆಸ್ಪತ್ರೆಗೋ ಕಾಲೇಜಿಗೋ ಹೇಗೂ ಹೋಗುತ್ತಿದ್ದರೆ ಬರುವಾಗ ಹಾಕಿಸಿಕೊಂಡು ಬನ್ನಿ. ಅದಕ್ಕೆಂದೇ ಹೊರಡುವುದು ಹೈಬ್ರಿಡ್‌ನವರಿಗೆ ಅಷ್ಟೇನೂ ಗಿಟ್ಟುವುದಿಲ್ಲ. ತಿಂಗಳಿಗೆ ಕುಡಿಯುವ ಪೆಟ್ರೋಲೇ ಕಮ್ಮಿ ಆದಾಗ ಉಳಿತಾಯವೂ ಕಮ್ಮಿಯೇ.

ಆರು ಪಥದ ಹೈವೇಯಲ್ಲಿ ಪಂಪ್ ಕಾಣುತ್ತದೆ, ಹೋಗಲು ದಾರಿ ಕಾಣುವುದಿಲ್ಲ!

ಹೌದು, ಹೊಸ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೆಚ್ಚಿನ ಹಳೇ ಪಂಪುಗಳು ಸರ್ವಿಸ್ ರೋಡಿನ ಬದಿಗೆ ಹೋಗಿವೆ. ಮುಂಚೆಯೇ ಇಳಿಯಬೇಕು. ಎದುರು ಬದಿಯ ಪಂಪ್ ಅಂತಾದರೆ ಅಂಡರ್‌ಪಾಸ್ ಹುಡುಕಿ ಸುತ್ತಿ ಬರಬೇಕು. ಸರ್ವಿಸ್ ರೋಡಿನಲ್ಲಿ ಎದುರಿನಿಂದ ನುಗ್ಗುವ ಶಾರ್ಟ್‌ಕಟ್ ಮಾಡಬೇಡಿ, ಬ್ಯಾಟರಿಯಲ್ಲಿ ಸದ್ದಿಲ್ಲದೆ ಬರುವ ಕಾರು ನಡೆದು ಹೋಗುವವರಿಗೆ ಗೊತ್ತೂ ಆಗುವುದಿಲ್ಲ.

ಇ20 ಪೆಟ್ರೋಲ್ ಹೈಬ್ರಿಡ್‌ಗೆ ತೊಂದರೆಯಾ?

ಈಗ ಪಂಪಿನಲ್ಲಿ ಮಾಮೂಲಿಯಾಗಿ ಸಿಗುವುದೇ ಅದು, ನೂರಕ್ಕೆ 20 ಪಾಲು ಎಥೆನಾಲ್. 2023ರ ಏಪ್ರಿಲ್ ನಂತರ ತಯಾರಾದ ಕಾರುಗಳ ರಬ್ಬರ್, ಪೈಪುಗಳು ಇದಕ್ಕೆ ತಕ್ಕಂತೆ ಇವೆ. ಅದಕ್ಕಿಂತ ಹಳೆಯದಾದರೆ ಕೈಪಿಡಿ ನೋಡಿ. ಎಥೆನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲಿನಷ್ಟು ಕಮ್ಮಿ, ಹಾಗಾಗಿ ಮೈಲೇಜ್ ಸ್ವಲ್ಪ ಬೀಳುತ್ತದೆ. ಅದು ನಿಮ್ಮ ಭ್ರಮೆಯಲ್ಲ.

ನಮ್ಮಂಥ ಮಳೆ ಊರಿನವರು ಗಮನಿಸಬೇಕಾದ್ದು ನೀರು. ಎಥೆನಾಲ್ ನೀರನ್ನು ಹಿಡಿದುಕೊಳ್ಳುತ್ತದೆ, ಮಿತಿ ಮೀರಿದರೆ ನೀರು, ಎಥೆನಾಲ್ ಎರಡೂ ಸೇರಿ ಅಡಿಗೆ ಇಳಿಯುತ್ತವೆ. ಕಾರು ಪೆಟ್ರೋಲ್ ಎಳೆಯುವುದು ಟ್ಯಾಂಕಿನ ಅಡಿಯಿಂದಲೇ ಅಲ್ವಾ. ಆಟಿಯ ಮಳೆಗೆ ನೀರು ನಿಂತ ಪಂಪಿನಲ್ಲಿ ಹಾಕಿಸಬೇಡಿ, ಸೂರು ಇಲ್ಲದ ಕಡೆ ಮುಚ್ಚಳ ತೆರೆದು ಬಿಡಬೇಡಿ.

ಎಕ್ಸ್‌ಪಿ95, ಪವರ್, ಸ್ಪೀಡ್ ಅನ್ನುವ ದುಬಾರಿ ಪೆಟ್ರೋಲ್ ಹಾಕಿಸಿದರೆ ಮೈಲೇಜ್ ಜಾಸ್ತಿ ಬರುತ್ತದಾ?

ಮಾಮೂಲಿ ಪೆಟ್ರೋಲಿಗೆಂದೇ ಮಾಡಿದ ಎಂಜಿನ್. ಕೊಟ್ಟ ಜಾಸ್ತಿ ದುಡ್ಡು ಮೈಲೇಜಿನಲ್ಲಿ ಹಿಂದೆ ಬರುವುದಿಲ್ಲ. ಅದೇ ದುಡ್ಡಿಗೆ ಟಯರಿನ ಗಾಳಿ ಸರಿ ಮಾಡಿಸಿ ಅನ್ನೋಣವೆಂದರೆ, ಪಂಪಿನಲ್ಲಿ ಗಾಳಿ ಹೇಗೂ ಫ್ರೀ.

ಕಂಪನಿ ಲೀಟರಿಗೆ 27.97 ಕಿಲೋಮೀಟರ್ ಅನ್ನುತ್ತದೆ. ನನಗೆ ಅಷ್ಟು ಸಿಗುತ್ತಿಲ್ಲ.

ಹೈರೈಡರ್, ಗ್ರ್ಯಾಂಡ್ ವಿಟಾರಾಕ್ಕೆ ಕೊಟ್ಟ ಆ ಅಂಕಿ ಪರೀಕ್ಷಾ ಕೇಂದ್ರದ್ದು. ನಿಮ್ಮದನ್ನು ನೀವೇ ಅಳೆಯಿರಿ. ಕಟ್ ಆಗುವವರೆಗೆ ಫುಲ್ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಮುಂದಿನ ಸಲ ಅದೇ ಪಂಪಿನಲ್ಲಿ ಮತ್ತೆ ಕಟ್ ಆಗುವವರೆಗೆ ಹಾಕಿಸಿ, ಓಡಿದ ಕಿಲೋಮೀಟರನ್ನು ಲೀಟರಿನಿಂದ ಭಾಗಿಸಿ. ಹೈವೇಯಲ್ಲಿ 100ರ ಮೇಲೆ ಹೊಡೆದರೆ ಮೈಲೇಜ್ ಇಳಿಯುತ್ತದೆ, ಉಪ್ಪಳ ಪೇಟೆಯ ಬ್ಲಾಕಿನಲ್ಲಿ ಏರುತ್ತದೆ. ಹೈಬ್ರಿಡ್‌ನ ಗುಣವೇ ಅದು.

ಯಜಮಾನರು ಗಲ್ಫಿನಲ್ಲಿ, ಕಾರು ತಿಂಗಳುಗಟ್ಟಲೆ ಶೆಡ್ಡಿನಲ್ಲಿ. ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇಡಬೇಕು?

ಮುಕ್ಕಾಲಿಗಿಂತ ಮೇಲೆ ಇರಲಿ. ಖಾಲಿ ಜಾಗ ಜಾಸ್ತಿ ಇದ್ದಷ್ಟು ತೇವದ ಗಾಳಿ ಜಾಸ್ತಿ, ಮಳೆಗಾಲದಲ್ಲಿ ಅದು ಒಳ್ಳೆಯದಲ್ಲ. ಆದರೆ ತುಂಬಿಸಿಟ್ಟು ಮರೆತುಬಿಟ್ಟರೂ ಆಗದು, ಪೆಟ್ರೋಲ್ ಹಳತಾಗುತ್ತದೆ, ದೊಡ್ಡ ಬ್ಯಾಟರಿಯೂ ನಿಧಾನಕ್ಕೆ ಇಳಿಯುತ್ತದೆ. ಕೆಲವು ತಿಂಗಳಿಗೊಮ್ಮೆಯಾದರೂ ಅರ್ಧ ಗಂಟೆ ಅಥವಾ 16 ಕಿಲೋಮೀಟರ್ ಓಡಿಸಿ ಅಂತ ಟೊಯೋಟಾ ಹೇಳುತ್ತದೆ. ನಮ್ಮ ಹವೆಗೆ ಎರಡು ವಾರಕ್ಕೊಮ್ಮೆ ಓಡಿಸುವುದು ಕ್ಷೇಮ, ಮುಖ್ಯವಾಗಿ 12 ವೋಲ್ಟಿನ ಸಣ್ಣ ಬ್ಯಾಟರಿಗೋಸ್ಕರ. ಮನೆಯಲ್ಲಿ ಓಡಿಸುವವರಿಲ್ಲದಿದ್ದರೆ ಭಾವನನ್ನೋ ಅಳಿಯನನ್ನೋ ಕರೆದು ಕೀ ಕೊಡಿ.

ಬೇಸಿಗೆಯಲ್ಲಿ ಫುಲ್ ಟ್ಯಾಂಕ್ ಮಾಡಿದರೆ ಸ್ಫೋಟ ಆಗುತ್ತದಂತೆ?

ಪ್ರತಿ ಏಪ್ರಿಲ್‌ನಲ್ಲಿ ವಾಟ್ಸಾಪಿಗೆ ಬರುವ ಸುದ್ದಿ. ಇಂಡಿಯನ್ ಆಯಿಲ್ ಕಂಪನಿಯೇ ಇದು ಸುಳ್ಳು ಅಂತ ಹೇಳಿದೆ. ಕಟ್ ಆಗುವವರೆಗೆ ಧಾರಾಳ ಹಾಕಿಸಿ. ಮುಂಜಾನೆ ಹಾಕಿಸಿದರೆ ಪೆಟ್ರೋಲ್ ಗಟ್ಟಿ, ಜಾಸ್ತಿ ಸಿಗುತ್ತದೆ ಅನ್ನುವುದೂ ಹಾಗೇ. ಪಂಪಿನ ಟ್ಯಾಂಕ್ ನೆಲದಡಿ ಇದೆ, ಅಲ್ಲಿ ಬೆಳಗ್ಗೆ ಮಧ್ಯಾಹ್ನ ಅಂತ ದೊಡ್ಡ ವ್ಯತ್ಯಾಸವಿಲ್ಲ.

ಅಮೆರಿಕದಲ್ಲಿರುವ ಮಗ “ಹೈಬ್ರಿಡ್ ಟ್ಯಾಂಕ್ ಪೂರ್ತಿ ತುಂಬುವುದಿಲ್ಲ” ಅನ್ನುತ್ತಾನೆ.

ಅವನು ಹೇಳುವುದರಲ್ಲಿ ಸತ್ಯ ಇದೆ, ಆದರೆ ಅದು ಬೇರೆ ಕಾರುಗಳ ಕಥೆ. ಅಲ್ಲಿ 2004ರಿಂದ 2009ರವರೆಗೆ ಬಂದ ಎರಡನೇ ತಲೆಮಾರಿನ ಟೊಯೋಟಾ ಪ್ರಿಯಸ್ ಹೈಬ್ರಿಡ್‌ನ ಟ್ಯಾಂಕಿನೊಳಗೆ ರಬ್ಬರಿನಂಥ ಚೀಲ ಇತ್ತು. ಚಳಿಗೆ ಅದು ಬಿಗಿಯಾಗಿ ಕಮ್ಮಿ ಪೆಟ್ರೋಲ್ ಹಿಡಿಯುತ್ತಿತ್ತು. ಟೊಯೋಟಾದ್ದೇ 2019ರ ಆರ್‌ಎವಿ4 ಹೈಬ್ರಿಡ್‌ನಲ್ಲಿ ಟ್ಯಾಂಕಿನ ಆಕಾರದಿಂದಾಗಿ ತುಂಬುವ ಮೊದಲೇ ನಾಝಲ್ ಕಟ್ ಆಗುವ ದೂರು ಬಂದಿತ್ತು.

ಟ್ಯಾಂಕಿನ ಮುಚ್ಚಳ ಯಾವ ಬದಿ ಅಂತ ಪ್ರತಿ ಸಲ ಮರೆತುಹೋಗುತ್ತದೆ.

ಡ್ಯಾಶ್‌ಬೋರ್ಡಿನಲ್ಲಿ ಪೆಟ್ರೋಲ್ ಚಿತ್ರದ ಪಕ್ಕ ಸಣ್ಣ ಬಾಣ ಇದೆ. ಅದು ತೋರಿಸುವ ಬದಿ.

ಹಾಕಿಸಿ ಬಂದ ಮರುದಿನ ಹಳದಿ ಎಂಜಿನ್ ದೀಪ ಉರಿಯುತ್ತಿದೆ. ಕಲಬೆರಕೆ ಪೆಟ್ರೋಲಾ?

ವರ್ಕ್‌ಶಾಪಿಗೆ ಓಡುವ ಮೊದಲು ಟ್ಯಾಂಕಿನ ಮುಚ್ಚಳ ನೋಡಿ. ಗಡಿಬಿಡಿಯಲ್ಲಿ ಅರ್ಧ ತಿರುಗಿಸಿ ಬಿಟ್ಟಿರುತ್ತಾರೆ. ಆವಿ ಸೋರಿದರೆ ಕಾರು ಅದನ್ನು ಪತ್ತೆ ಹಚ್ಚಿ ದೀಪ ಹಾಕುವುದುಂಟು. ‘ಕಟಕಟ’ ಅನ್ನುವವರೆಗೆ ಬಿಗಿ ಮಾಡಿ. ದೀಪ ಕೂಡಲೇ ಆರುವುದಿಲ್ಲ, ಕೆಲವು ಸಲ ಓಡಿಸಿದ ಮೇಲೆ ತಾನಾಗಿ ಹೋಗುತ್ತದೆ. ಹೋಗದಿದ್ದರೆ, ಅಥವಾ ಎಂಜಿನ್ ನಡುಗುತ್ತಿದ್ದರೆ, ಆಗ ಸರ್ವಿಸಿನವರಿಗೆ ತೋರಿಸಿ. ಪಂಪಿನ ಬಿಲ್ಲನ್ನೂ ಜೊತೆಗೆ ಕೊಂಡುಹೋಗಿ.